ಉಬ್ಬೆಗೆ ಹೋದ ಬಿಗಿಯಂಗಿ

ನನ್ನ ಮಗಳ ಅಂಗಿ ಅವಳ ಮೈಗಿಂತ ಚಿಕ್ಕದು. ಬೇಕೆಂದೇ ಚಿಕ್ಕದಾಗಿ ಹೊಲಿದದ್ದು. ಜಗ್ಗಿದರೆ ಹಿಗ್ಗಿ ಬಿಟ್ಟರೆ ಹಿಂದಕ್ಕೆ ಹೋಗುವ ದಪ್ಪ ಬಟ್ಟೆ, ಮೈಬಣ್ಣದ್ದು. ಕತ್ತಿಗೆ ಎತ್ತರದ ಪಟ್ಟಿ, ಬಲಗೈಗೆ ಮಣಿಕಟ್ಟಿನವರೆಗೆ ತೋಳು, ಎಡಗೈಗೆ ತೋಳೇ ಇಲ್ಲ, ಮುಂದೆ ಜಿಪ್. ಇದು ಅಂಗಡಿಯಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಅಳತೆ ಕೊಟ್ಟು ಬಂದರೆ ಅವಳೊಬ್ಬಳಿಗೆಂದು ಹೊಲಿದು ಕೊಡುತ್ತಾರೆ. ಸುಟ್ಟ ಗಾಯ ಒಣಗಿದ ಮೇಲೆ ಚರ್ಮ ಸುಮ್ಮನಿರುವುದಿಲ್ಲ. ಕೆಂಪಗೆ ಉಬ್ಬುತ್ತದೆ, ಹಗ್ಗದ ಹಾಗೆ ಗಟ್ಟಿಯಾಗಿ ಎಳೆಯುತ್ತದೆ. ಅದನ್ನು ಹಗಲೂ ರಾತ್ರಿ ಒತ್ತಿ ಹಿಡಿಯುವುದೇ ಈ ಅಂಗಿಯ ಕೆಲಸ. ಸ್ನಾನದ ಹೊತ್ತಿನಲ್ಲಿ ಮಾತ್ರ ಬಿಚ್ಚಬೇಕು.

ಅದಕ್ಕೆ ಬಿಗಿಯಂಗಿ ಎಂದು ಹೆಸರಿಟ್ಟವಳು ಅಜ್ಜಿ. ಅಜ್ಜಿ ಎಂದರೆ ನನ್ನ ತಾಯಿ. ಮಗಳು ಹುಟ್ಟಿದ ಮೇಲೆ ನಾನೂ ಹಾಗೆಯೇ ಕರೆಯುತ್ತೇನೆ. ದಿನಾ ಅದನ್ನು ತೊಡಿಸುತ್ತಿದ್ದವಳು ನನ್ನ ಹೆಂಡತಿ. ಅವಳು ಈಗ ಇಲ್ಲ.

ನಮ್ಮೂರು ಬಂಗಾರಪೇಟೆಯಿಂದ ಆಂಡರ್ಸನ್‌ಪೇಟೆ ಕಡೆಗೆ ಹೋಗುವಾಗ ಸಿಗುತ್ತದೆ. ಎರಡು ಹಸು ಇವೆ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಅಲ್ಲಿಂದಲೇ ಸ್ಟೇಷನ್ನಿಗೆ ಹೋಗಿ ಬೆಂಗಳೂರಿನ ರೈಲು ಹತ್ತುತ್ತೇನೆ. ಕೃಷ್ಣರಾಜಪುರದ ಹತ್ತಿರ ಒಂದು ಗೋದಾಮಿನಲ್ಲಿ ಕೆಲಸ. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಕೆಂಪು ಹಸು ಕರು ಹಾಕಿತು. ಈದ ಹಸುವಿಗೆಂದು ಹುರುಳಿ ಬೇಯಿಸಿ, ಪಾತ್ರೆಯನ್ನು ಒಲೆಯಿಂದ ಇಳಿಸಿಟ್ಟಿದ್ದೆವು. ಕರು ಎದ್ದು ನಿಂತಿತು ಎಂದು ಕೇಳಿ ಓಡಿಬಂದ ಮಗಳು ಆ ಪಾತ್ರೆಗೆ ಎಡವಿ ಬಲಮಗ್ಗುಲಿಗೆ ಬಿದ್ದಳು. ನೀರಾಗಿದ್ದರೆ ಹರಿದು ಹೋಗುತ್ತಿತ್ತೇನೋ. ಹುರುಳಿ ಅಂಟಿಕೊಂಡಿತು. ಕತ್ತು, ಹೆಗಲು, ಕಂಕುಳು, ತೋಳು.

ಆಸ್ಪತ್ರೆ, ತೊಡೆಯ ಚರ್ಮ ತೆಗೆದು ಹಾಕಿದ್ದು, ಬ್ಯಾಂಡೇಜು ಬಿಚ್ಚುವಾಗಿನ ಅವಳ ಕೂಗು, ಇದೆಲ್ಲ ಬರೆಯಲಾರೆ. ಗಾಯ ಒಣಗಿತು. ಆಮೇಲೆ ಕಂಕುಳಿನ ಚರ್ಮ ಗಟ್ಟಿಯಾಗಿ ಕೈಯನ್ನು ಮೈಗೆ ಎಳೆದುಕೊಳ್ಳತೊಡಗಿತು. ಹೀಗೇ ಬಿಟ್ಟರೆ ಕೈ ಹೆಗಲಿನ ಮೇಲಕ್ಕೆ ಏಳುವುದಿಲ್ಲ, ಕತ್ತು ಒಂದು ಕಡೆ ವಾಲುತ್ತದೆ ಎಂದು ಡಾಕ್ಟರು ಹೇಳಿ ನಮ್ಮನ್ನು ಅಳತೆಯ ಮೇಡಂ ಬಳಿಗೆ ಕಳಿಸಿದರು.

ಆ ಮೇಡಂ ಟೇಪು ಹಿಡಿದು ಮಗಳ ತೋಳನ್ನು ಬೆರಳಗಲಕ್ಕೆ ಒಂದರಂತೆ ಸುತ್ತಿ ಸುತ್ತಿ ಅಳೆದರು. ಹೆಂಡತಿ ಪಕ್ಕದಲ್ಲೇ ನಿಂತು ನೋಡುತ್ತಿದ್ದವಳು ಕೇಳಿದಳು, "ಒಳಗಡೆ ಸ್ವಲ್ಪ ಬಟ್ಟೆ ಬಿಟ್ಟು ಒಲೀತೀರಾ ಮೇಡಂ? ಬೆಳೆಯೋ ಮಗು."

ಆಂಡರ್ಸನ್‌ಪೇಟೆಯ ಟೈಲರ್ ಹತ್ತಿರ ಸ್ಕೂಲ್ ಯೂನಿಫಾರಂ ಕೊಡುವಾಗ ಅವಳು ಕೇಳುತ್ತಿದ್ದ ಮಾತು ಅದು. ಮೇಡಂ ನಕ್ಕರು. "ಬೆಳೆದರೆ ಬೇರೆ ಹೊಲಿಯೋಣಮ್ಮ. ಇದು ಮೈಗಿಂತ ಚಿಕ್ಕದಿದ್ದರೇ ಕೆಲಸ ಮಾಡೋದು."

ಎರಡು ಅಂಗಿ ಕೊಟ್ಟರು. ಒಂದು ಮೈಮೇಲೆ, ಒಂದು ತಂತಿಯ ಮೇಲೆ. ತಣ್ಣೀರಿನಲ್ಲಿ ಮೆಲ್ಲಗೆ ಒಗೆಯಬೇಕು, ಹಿಂಡಬಾರದು, ನೆರಳಲ್ಲಿ ಒಣಹಾಕಬೇಕು ಎಂದೆಲ್ಲ ಹೆಂಡತಿಗೆ ಹೇಳಿಕೊಟ್ಟರು. ನಾನು ಆಗ ಔಷಧಿಯ ಕ್ಯೂನಲ್ಲಿದ್ದೆ.

ಮನೆಗೆ ತಂದಾಗ ಅಜ್ಜಿ ಅಂಗಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಏನ್ಲಾ ಇದು, ಗೊಂಬೆಗಾ ಒಲ್ಸಿರೋದು? ಬೆಂಗ್ಳೂರ್‌ಗಂಟ ಓಗಿ ಸಣ್ಣ ಬಟ್ಟೆ ಒಲ್ಸ್ಕೊಂಡ್ ಬಂದವ್ರನ್ನ ಇವತ್ತೇ ಕಣ್ಲಾ ನಾನ್ ನೋಡಿದ್ದು."

"ಅದು ಅಂಗೇ ಇರ್ಬೇಕು ಅತ್ತೆ," ಎಂದಳು ಹೆಂಡತಿ.

"ಎಂಗೇ? ಮೈ ಉಸ್ರಾಡ್ಬೇಡ್ವಾ? ನಿನ್ ಗಂಡುಂಗೆ ನಾನು ಒಂದ್ ಬಟ್ಟೆನಾದ್ರೂ ಅಳತೆಗೆ ಒಲ್ಸಿದೀನಾ, ಕೇಳು!"

ಅದು ನಿಜ. ಏಳನೇ ಕ್ಲಾಸಿಗೆ ತೊಡಬೇಕಾದ ಚಡ್ಡಿಯನ್ನು ನಾನು ಐದರಲ್ಲೇ ತೊಟ್ಟು, ಸೊಂಟದ ಉಡಿದಾರಕ್ಕೆ ಸಿಕ್ಕಿಸಿಕೊಂಡು ಓಡಾಡಿದವನು. ನಾವು ಬಟ್ಟೆ ಹೊಲಿಸುವುದೇ ಹಾಗೆ. ಮಕ್ಕಳು ಬಟ್ಟೆಯೊಳಗೆ ಬೆಳೆಯಲಿ ಎಂದು ಜಾಗ ಬಿಡುತ್ತೇವೆ.

ಬೆಳಿಗ್ಗೆ ಅವರಿಬ್ಬರು ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಆ ಹೊತ್ತಿಗೆ ರೈಲಿನಲ್ಲಿರುತ್ತಿದ್ದೆ. ಭಾನುವಾರ ಮಾತ್ರ ಹೊರಗಿನಿಂದ ಕೇಳಿಸುತ್ತಿತ್ತು. ಮೊದಲ ವಾರಗಳಲ್ಲಿ ಅಳು. ಆಮೇಲೆ ಅಳು ಕಡಿಮೆಯಾಗಿ ಏನೋ ಮಾತು, ನಗು. ಒಳಗೆ ಹೋಗಿ ನೋಡುವಂತಿರಲಿಲ್ಲ, ಮಗಳಿಗೆ ನಾಚಿಕೆ. ಅಂಗಿ ತೊಟ್ಟು ಹೊರಗೆ ಬಂದ ಮೇಲೆ ನಡುಮನೆಯ ಗೋಡೆಗೆ ಮಗ್ಗುಲಾಗಿ ನಿಂತು ಬಲಗೈಯನ್ನು ಗೋಡೆಯ ಮೇಲೆ ಹತ್ತಿಸಬೇಕು. ಬೆರಳು ಎಲ್ಲಿಗೆ ಮುಟ್ಟಿತೋ ಅಲ್ಲಿಗಿಂತ ಒಂದಿಷ್ಟು ಮೇಲೆ ಹೆಂಡತಿ ಇದ್ದಿಲಿನಿಂದ ಗೀಟು ಎಳೆಯುತ್ತಿದ್ದಳು. ಅದನ್ನು ಮುಟ್ಟುವ ತನಕ ಬೇರೆ ಗೀಟಿಲ್ಲ. ಮುಟ್ಟಿದ ದಿನ ಹಳೆಯದನ್ನು ಸೆರಗಿನಿಂದ ಒರೆಸಿ, ಮೇಲೆ ಇನ್ನೊಂದು. ಹೀಗೆ ಆ ಗೀಟು ಮಗಳ ಎದೆಮಟ್ಟದಿಂದ ಹೊರಟು ಹೆಗಲು ದಾಟಿ, ಕಿವಿ ದಾಟಿ, ತಲೆಗಿಂತ ಒಂದು ಗೇಣು ಮೇಲಕ್ಕೆ ಹೋಗಿತ್ತು.

"ಸಾಕಮ್ಮಾ, ನೋಯ್ತದೆ."

"ಇನ್ನೊಂದೇ ಒಂದ್ ಚೂರು, ಕಣ್ಣೂ. ಎಳ್ಳಷ್ಟು."

ಹೆಂಡತಿ ಆಂಡರ್ಸನ್‌ಪೇಟೆಯಲ್ಲಿ ಬೆಳೆದವಳು. ಅಲ್ಲಿನ ತಮಿಳು ಅವಳ ಕನ್ನಡದಲ್ಲಿ ಸೇರಿಕೊಂಡಿತ್ತು. ಮಗಳನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, ಕಣ್ಣೂ ಎಂದೇ ಕರೆಯುತ್ತಿದ್ದಳು.

ಮಳೆಗಾಲದ ಕೊನೆಯಲ್ಲಿ ಹೆಂಡತಿಗೆ ಜ್ವರ ಬಂತು. ಊರಿನಲ್ಲಿ ಇನ್ನೂ ಕೆಲವರಿಗೆ ಬಂದಿತ್ತು, ಹೋಗಿತ್ತು. ಜ್ವರ ಇಳಿದ ದಿನ ಎದ್ದು ಕೂತು ಗಂಜಿ ಕುಡಿದು, ಮಗಳಿಗೆ ಅಂಗಿ ತೊಡಿಸಿದಳು. ಸಂಜೆಗೆ ಹೊಟ್ಟೆನೋವು ಎಂದಳು. ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತದಲ್ಲಿ ಕಣಗಳು ಇಳಿದುಹೋಗಿವೆ ಎಂದರು. ಅಲ್ಲಿಗೆ ಆಟೋದಲ್ಲಿ ಹೋಗುವಾಗ ನನ್ನ ಹೆಗಲಿಗೆ ತಲೆ ಇಟ್ಟುಕೊಂಡಿದ್ದಳು. "ನಾಳೆ ಬೆಳಿಗ್ಗೆ ಅವಳಿಗೆ ನೀವೇ ಆಕ್ಬೇಕಾಯ್ತದೇನೋ," ಎಂದಳು. "ನೀನೇ ಆಕ್ತೀಯ ಸುಮ್ನಿರು," ಎಂದೆ. ಬೆಳಗಾಗುವ ಹೊತ್ತಿಗೆ ಅವಳಿರಲಿಲ್ಲ.

ಮಣ್ಣು ಮಾಡಿ ಬಂದ ದಿನ ಮನೆಮಂದಿಗೆಲ್ಲ ತಲೆಯ ಮೇಲೆ ನೀರು. ನಮ್ಮ ಕಡೆ ಸಾವಿನ ಮನೆಯ ಬಟ್ಟೆ ಮನೆಯಲ್ಲಿ ಒಗೆಯುವ ಹಾಗಿಲ್ಲ. ಈಗ ಎಲ್ಲರ ಮನೆಯಲ್ಲೂ ವಾಷಿಂಗ್ ಮಿಷನ್ ಬಂದಿದೆ. ಆದರೂ ಸಾವು ಸೂತಕಕ್ಕೆ ಮಡಿವಾಳರ ಮುದುಕಿ ಬಂದೇ ಬರುತ್ತಾಳೆ. ತೊಟ್ಟದ್ದು, ಹೊದ್ದದ್ದು, ತಂತಿಯ ಮೇಲಿದ್ದದ್ದು, ಎಲ್ಲ ಮೈಲಿಗೆ ಬಟ್ಟೆ. ಅದನ್ನೆಲ್ಲ ಅವಳು ಗಂಟು ಕಟ್ಟಿಕೊಂಡು ಹೋಗಿ ಉಬ್ಬೆ ಹಾಕುತ್ತಾಳೆ. ಎಂದರೆ ದೊಡ್ಡ ಬಾನೆಯಲ್ಲಿ ಸೋಡಾ ಹಾಕಿ ಬಟ್ಟೆಯನ್ನು ಬೇಯಿಸುತ್ತಾಳೆ. ಅಂದು ಅಜ್ಜಿ ಅಳುತ್ತಲೇ ಒಂದೊಂದನ್ನೂ ಎತ್ತಿ ಗಂಟಿಗೆ ಹಾಕಿದಳು. ಹೆಂಡತಿಯ ಸೀರೆ, ನನ್ನ ಪಂಚೆ, ದುಪ್ಪಟಿ, ದಿಂಬಿನ ಗೌಸು. ಮಗಳ ಮೈಮೇಲಿದ್ದ ಬಿಗಿಯಂಗಿ, ತಂತಿಯ ಮೇಲಿದ್ದ ಇನ್ನೊಂದು ಬಿಗಿಯಂಗಿ.

ಅಲ್ಲಿದ್ದ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ತಾಯಿಯ ಮೈಲಿಗೆ ಮಗುವಿಗೆ ಅಂಟದಿರಲಿ ಎಂದೇ ಎಲ್ಲರೂ ನೋಡಿಕೊಂಡರು. ತಪ್ಪು ಕಾಣಬಹುದಾಗಿದ್ದ ಒಬ್ಬಳನ್ನು ಆಗಷ್ಟೇ ಮಣ್ಣು ಮಾಡಿ ಬಂದಿದ್ದೆವು.

ಹನ್ನೊಂದನೆಯ ದಿನದ ಕಾರ್ಯದ ಹಿಂದಿನ ದಿನ ಬಟ್ಟೆ ವಾಪಸ್ಸು ಬಂತು. ಮುದುಕಿ ತನ್ನ ಕೈಲಾದ ಮರ್ಯಾದೆ ಮಾಡಿದ್ದಳು. ಎಲ್ಲಕ್ಕೂ ಇದ್ದಿಲಿನ ಇಸ್ತ್ರಿ ಹಾಕಿಸಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದಳು. ಬಿಗಿಯಂಗಿ ಎರಡೂ ಮೇಲೇ ಇದ್ದವು.

"ಪಾಪುಂದು ಮೇಲ್ಗಡೆ ಇಕ್ಕಿವ್ನಿ ಕಣಪ್ಪಾ," ಎಂದಳು. "ಮೆತ್ತಗ್ ಮಾಡಿವ್ನಿ. ಒತ್ತಲ್ಲ ಇನ್ಮೇಲೆ."

ಮರುದಿನ ಊಟಕ್ಕೆ ಬಂದವರೆಲ್ಲ ಹೋದ ಮೇಲೆ ನಾನು ಮೊದಲ ಸಲ ಮಗಳಿಗೆ ಅಂಗಿ ತೊಡಿಸಿದೆ. ನನಗೆ ಭಯವಿತ್ತು. ಹಸುವಿನ ಕೆಚ್ಚಲು ಹಿಡಿದು ಒರಟಾದ ಕೈ. ಅವಳ ತೋಳಿನ ಚರ್ಮ ತೆಳ್ಳಗೆ, ಹೊಳೆಯುವ ಹಾಗಿತ್ತು. ಮೆಲ್ಲಗೆ ತೋಳು ಏರಿಸಿದೆ. ಏರಿತು. ಜಿಪ್ ಎಳೆದೆ. ಬಂತು. ಅವಳು ಅಳಲಿಲ್ಲ. ಅವಳ ಮುಖ ನೋಡಿದೆ.

"ನೋವಾಯ್ತಾ?"

"ಇಲ್ಲಪ್ಪಾ."

ನನಗೆ ಅವತ್ತು ಆದದ್ದನ್ನು ಹೇಗೆ ಹೇಳಲಿ? ಅಷ್ಟು ದಿನದಲ್ಲಿ ಮೊದಲ ಬಾರಿಗೆ ಎದೆ ಸ್ವಲ್ಪ ಹಗುರವಾಯಿತು. ನನ್ನಿಂದ ಆಗುತ್ತದೆ ಎನ್ನಿಸಿತು. ಗೋಡೆಯ ಮೇಲಿದ್ದ ಹೆಂಡತಿಯ ಫೋಟೋ ಕಡೆ ತಿರುಗಿ ನೋಡಿದೆ. ನೋಡಿದೆಯಾ, ಹಾಕಿದೆ, ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಅಜ್ಜಿಯೂ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು.

"ನೋಡು, ಈಗ ಎಂಗ್ ಸಲೀಸಾಗ್ ಓಯ್ತದೆ. ಅವ್ಳೇ ಮೇಲಿಂದ ಮಗೀನ್ ನೋವ್ ತಕ್ಕೊಂಡ್ಬುಟ್ಳು."

ಆ ತಿಂಗಳು ಹಾಗೆಯೇ ಹೋಯಿತು. ನಾನು ಹೊರಡುವ ಮೊದಲು ಅಂಗಿ ತೊಡಿಸುತ್ತಿದ್ದೆ, ಅದು ನಿದ್ದೆಗಣ್ಣಿನಲ್ಲೂ ಹೋಗುತ್ತಿತ್ತು. ಗೋಡೆಯ ಹತ್ತಿರ ನಿಲ್ಲಿಸುವ ಮನಸ್ಸು ನಮಗೆ ಯಾರಿಗೂ ಬರಲಿಲ್ಲ. ಮಗಳು ಕೆರೆದುಕೊಳ್ಳುವುದು ಹೆಚ್ಚಿತು. ಬಟ್ಟೆಯ ಮೇಲಿಂದ ಕೆರೆದು ಕೆರೆದು ತೋಳೆಲ್ಲ ಬಿಸಿಯಾಗುತ್ತಿತ್ತು. ಚಳಿಗೆ ಹಾಗೆ ಎಂದುಕೊಂಡೆವು.

ಒಂದು ಭಾನುವಾರ ಸ್ಕೂಲಿಗೆ ಹೊಸ ಬೂಟು ಹಾಕಿಕೊಂಡು ನೋಡುತ್ತಿದ್ದವಳು ತಾನೇ ಹೋಗಿ ಗೋಡೆಗೆ ನಿಂತಳು. "ಅಪ್ಪಾ, ಅಮ್ಮನ್ ಗೀಟು ಮುಟ್ತೀನಿ ನೋಡು." ಅವಳು ಎತ್ತರವಾಗಿದ್ದಳು, ಬೂಟಿನಿಂದ ಇನ್ನಷ್ಟು ಎತ್ತರ. ಕೈ ಗೋಡೆ ಹತ್ತಿತು. ಕಿವಿಯ ಹತ್ತಿರ ನಿಂತಿತು. ಮೈಯನ್ನೇ ವಾಲಿಸಿದಳು, ಹಿಮ್ಮಡಿ ಎತ್ತಿದಳು. ಗೀಟು ಅಂಗೈ ಉದ್ದದಷ್ಟು ಮೇಲಿತ್ತು.

"ಅಪ್ಪಾ, ಗೀಟು ಯಾರ್ ಮೇಲ್ಗಾಕಿದ್ದು?"

ಯಾರೂ ಹಾಕಿರಲಿಲ್ಲ. ಅಂಗಿಯ ಜಿಪ್ ಇಳಿಸಿ ನೋಡಿದೆ. ಕಂಕುಳಿನಿಂದ ತೋಳಿಗೆ ಕೆಂಪು ಹುರಿಯೊಂದು ಎದ್ದು ನಿಂತಿತ್ತು.

ಮರುದಿನ ಕೆಲಸಕ್ಕೆ ರಜೆ ಹಾಕಿ ಬೆಂಗಳೂರಿಗೆ ಕರೆದುಕೊಂಡು ಹೋದೆ. ಅಳತೆಯ ಮೇಡಂ ಮಗಳನ್ನು ಕಂಡು, "ಬಾ ಬಾ, ಅಮ್ಮ ಎಲ್ಲಿ?" ಎಂದು ಕೇಳುತ್ತಲೇ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಬಟ್ಟೆ ಬಂತು, ವಾಪಸ್ಸು ಹೋಗಲಿಲ್ಲ. ಹಾಗೇ ಜೋತುಬಿತ್ತು.

"ಇದನ್ನ ಬಿಸಿನೀರಿಗೆ ಹಾಕಿದ್ರಾ?"

ನಾನು ಬಾಯಿ ತೆರೆಯುವ ಮೊದಲು ಮಗಳು ಹೇಳಿದಳು. "ನಮ್ಮಮ್ಮ ತೀರ್ಕೊಂಡ್ಬುಟ್ರು ಮೇಡಂ. ಮೈಲ್ಗೆ ಅಂತ ಬೇಯ್ಸಿದ್ರು."

ಮೇಡಂ ಅಂಗಿಯನ್ನು ಬಿಟ್ಟರು. ಮಗಳ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ನನಗೆ ನಿಧಾನವಾಗಿ ಹೇಳಿದರು. ಈ ಬಟ್ಟೆಯಲ್ಲಿ ರಬ್ಬರಿನಂಥ ಎಳೆ ಇರುತ್ತದೆ. ಕುದಿಸಿದರೆ, ಇಸ್ತ್ರಿ ಮಾಡಿದರೆ ಅದು ಸಾಯುತ್ತದೆ. ಆಮೇಲೆ ತೊಟ್ಟರೂ ಒಂದೇ, ತೊಡದಿದ್ದರೂ ಒಂದೇ.

"ಕೈ ಮೇಲೇಳ್ತದಾ ಮೇಡಂ?" ಎಂದು ಕೇಳಿದೆ.

"ಗಾಯದ ಗುರುತು ಇನ್ನೂ ಪೂರ್ತಿ ಬಲಿತಿಲ್ಲ. ಈಗಲೂ ಬಗ್ಗುತ್ತೆ. ಆದರೆ ಇನ್ನು ಒಂದು ದಿನವೂ ಬಿಡೋ ಹಾಗಿಲ್ಲ. ಬಿಟ್ಟರೆ ಮತ್ತೆ ಆಪರೇಷನ್ನೇ."

ಮತ್ತೆ ಅಳತೆ. ಹಿಂದೆ ಹೆಂಡತಿ ನಿಂತಿದ್ದ ಜಾಗದಲ್ಲಿ ನಿಂತು ಮಗಳ ಕೈ ಹಿಡಿದುಕೊಂಡೆ. ಟೇಪು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಹೆಗಲಿನ ತನಕ ಹೋಯಿತು.

ಸಂಜೆ ಮನೆಗೆ ಬಂದು ಅಜ್ಜಿಗೆ ಹೇಳಿದೆ. ಹೇಳದೆ ಇರಬಹುದಿತ್ತು, ಆದರೆ ಮುಂದೆ ಒಗೆಯಬೇಕಾದವಳು ಅವಳೇ. ಅಜ್ಜಿ ಮೊರದಲ್ಲಿದ್ದ ರಾಗಿಯನ್ನು ಹಾಗೇ ಬಿಟ್ಟು ಕೂತಳು.

"ನಾನು ಒಳ್ಳೇದ್ಕೇ ಕಣ್ಲಾ ಕೊಟ್ಟಿದ್ದು."

"ಗೊತ್ತು."

"ಮೈಲ್ಗೆ ಓಗ್ಲಿ ಅಂತ."

"ಗೊತ್ತು ಕಣಜ್ಜಿ."

"ಅವ್ಳಿದ್ದಿದ್ರೆ ನನ್ ಕೈಯಿಂದ ಕಿತ್ಕೊಂಬುಡೋಳು," ಎಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. ಹೆಂಡತಿ ಹೋದ ದಿನವೂ ಅಜ್ಜಿ ಹಾಗೆ ಅತ್ತಿರಲಿಲ್ಲ.

ಹೊಸ ಅಂಗಿಗಳು ಬಂದವು. ಮೊದಲ ಬೆಳಿಗ್ಗೆ ನಾನು ಮತ್ತು ಮಗಳು ಒಳಕೋಣೆಯ ಬಾಗಿಲು ಹಾಕಿಕೊಂಡು ಕೂತೆವು. ತೋಳು ಮಣಿಕಟ್ಟು ದಾಟಲಿಲ್ಲ. ಎಳೆದೆ. ಚರ್ಮ ಬಟ್ಟೆಗೆ ಸಿಕ್ಕಿ ಹಿಂದಕ್ಕೆ ಬಂತು, ಅವಳು ಚೀರಿದಳು. ಮತ್ತೆ ಪ್ರಯತ್ನಿಸಿದೆ. ಬೆವರಿದೆ. ನನಗೆ ಅಂದು ಅರ್ಥವಾಯಿತು, ನಾನು ಇದುವರೆಗೆ ಈ ಅಂಗಿಯನ್ನು ಒಂದು ದಿನವೂ ತೊಡಿಸಿಯೇ ಇರಲಿಲ್ಲ. ಅವಳ ಫೋಟೋಗೆ ತೋರಿಸಿದ್ದೆನಲ್ಲ, ಅದು ಅಂಗಿಯಾಗಿರಲಿಲ್ಲ.

"ಅಮ್ಮ ಇಂಗ್ ಮಾಡ್ತಿರ್ಲಿಲ್ಲ," ಎಂದಳು ಮಗಳು ಬಿಕ್ಕುತ್ತಾ.

"ಎಂಗ್ ಮಾಡ್ತಿದ್ಳು? ನಂಗೊತ್ತಿಲ್ಲ ಮಗಾ. ಏಳ್ಕೊಡು."

ಅವಳು ಎದ್ದು ಹೋಗಿ ಅಕ್ಕಿ ಡಬ್ಬದ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದಳು. ತೆಳ್ಳನೆಯ, ಬಳಸಿ ಬಳಸಿ ಮೆತ್ತಗಾದ ಕವರ್. ನೀಟಾಗಿ ನಾಲ್ಕು ಮಡಿಕೆ ಮಾಡಿಟ್ಟಿತ್ತು. ಮಡಿಸಿಟ್ಟ ಕೈ ಯಾರದೆಂದು ನೋಡಿದರೇ ತಿಳಿಯುತ್ತಿತ್ತು. ಅದನ್ನು ತನ್ನ ಬಲಗೈಗೆ ಗೌಸಿನ ಹಾಗೆ ಹಾಕಿಕೊಂಡಳು.

"ಈಗ ಇದ್ರ ಮೇಲೆ ತೋಳ್ ಆಕು. ಜಾರ್ತದೆ. ಆಮೇಲೆ ಕವರ್ ಈ ಕಡೆಯಿಂದ ಎಳ್ದುಬುಡೋದು."

ಹಾಕಿದೆ. ಜಾರಿತು.

"ಗಾಡಿ ಬುಡಪ್ಪಾ."

"ಯಾವ್ ಗಾಡಿ?"

"ಮಾರಿಕುಪ್ಪಂ ಗಾಡಿ! ಇಲ್ಲಿ ಬಂಗಾರಪೇಟೆ," ಎಂದು ಮಣಿಕಟ್ಟು ತೋರಿಸಿದಳು. "ಇಲ್ಲಿ ಕೋರಮಂಡಲ್," ಅದು ಮೊಣಕೈ. "ಇಲ್ಲಿ ಮಾರಿಕುಪ್ಪಂ." ಹೆಗಲು. "ಕೋರಮಂಡಲ್‌ನಲ್ಲಿ ನಿಲ್ಲಿಸ್ಬೇಕು. ನಾನು ಉಸ್ರು ಬುಡ್ತೀನಿ. ಆಮೇಲೆ ಸಿಗ್ನಲ್ ಕೊಡ್ತೀನಿ."

ನಮ್ಮ ಕಡೆಯ ರೈಲು ನಿಲ್ಲುವ ಸ್ಟೇಷನ್ನುಗಳು ಅವು. ಭಾನುವಾರಗಳಲ್ಲಿ ಬಾಗಿಲ ಹೊರಗೆ ನನಗೆ ಕೇಳಿಸುತ್ತಿದ್ದ ನಗು ಇದು. ನಾನು ನಿಜವಾದ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದಾಗ ಇವರಿಬ್ಬರು ಇಲ್ಲಿ ಬೇರೆ ರೈಲು ಓಡಿಸುತ್ತಿದ್ದರು. ಕೋರಮಂಡಲ್‌ನಲ್ಲಿ ನಿಲ್ಲಿಸಿದೆ. ಅವಳು ಉಸಿರು ಬಿಟ್ಟಳು. ತಲೆಯಾಡಿಸಿದಳು. ಮಾರಿಕುಪ್ಪಂ ತಲುಪುವ ಹೊತ್ತಿಗೆ ನನ್ನ ಕಣ್ಣು ಮಂಜಾಗಿ ಜಿಪ್ ಕಾಣದೆ, ಅದನ್ನು ಅವಳೇ ಎಳೆದುಕೊಂಡಳು.

ಅಂದಿನಿಂದ ನಾನು ಒಂದು ಗಾಡಿ ಬಿಟ್ಟು ಅದರ ಹಿಂದೆ ಬರುವ ಗಾಡಿಗೆ ಹೋಗತೊಡಗಿದೆ. ಗೋದಾಮಿನವರು ಒಂದೆರಡು ದಿನ ಗೊಣಗಿ ಸುಮ್ಮನಾದರು. ಅಂಗಿ ಒಗೆಯುವುದು ಅಜ್ಜಿಯ ಪಾಲು. ತಣ್ಣೀರಿನಲ್ಲಿ ಎಳೆಕೂಸಿಗೆ ನೀರು ಹಾಕುವ ಹಾಗೆ ಒಗೆಯುತ್ತಾಳೆ. ಕೊಟ್ಟಿಗೆಯ ನೆರಳಲ್ಲಿ ಹರವಿ ಪಕ್ಕದಲ್ಲೇ ಕೂರುತ್ತಾಳೆ. ಬಿಸಿಲು ಜರುಗಿ ಬಂದರೆ ಅಂಗಿಯನ್ನೂ ಜರುಗಿಸಿ, "ಬಂದ್ಬುಟ್ಟ ನೋಡು, ಓಗಯ್ಯಾ ಅತ್ಲಾಗೆ," ಎಂದು ಸೂರ್ಯನನ್ನು ಬೈಯುತ್ತಾಳೆ. ಒಂದು ಸಲ ಮಡಿವಾಳರ ಮುದುಕಿ ಆ ದಾರಿಯಲ್ಲಿ ಹೋಗುತ್ತಾ ನಿಂತು, ಪಾಪುವಿನ ಅಂಗಿ ಮತ್ತೆ ಬಿಗಿಯಾಗಿದೆಯಲ್ಲ, ಕೊಟ್ಟರೆ ಮೆತ್ತಗೆ ಮಾಡಿಕೊಡುತ್ತೇನೆ ಎಂದಳಂತೆ. ಅಜ್ಜಿ ಅವಳನ್ನು ಕೂರಿಸಿ ಕಾಫಿ ಕೊಟ್ಟು ಕಳಿಸಿದಳು. ಆಕೆಗೆ ಈಗಲೂ ಗೊತ್ತಿಲ್ಲ. ಗೊತ್ತಾಗುವುದು ಬೇಡ.

ಗೋಡೆಯ ಗೀಟು ಹಾಗೆಯೇ ಇತ್ತು. ಸೂತಕ ಕಳೆಯಲೆಂದು ಹನ್ನೊಂದಕ್ಕೆ ಮನೆಯೆಲ್ಲ ತೊಳೆದು ಗೋಡೆಗೆಲ್ಲ ಸುಣ್ಣ ಬಳಿದಿದ್ದಾಗಲೂ ಅಷ್ಟು ಜಾಗ ಮಾತ್ರ ಹಳೆಯ ಬಣ್ಣದಲ್ಲೇ ಉಳಿದಿದ್ದನ್ನು ನಾನು ಆಮೇಲೆ ಗಮನಿಸಿದೆ. ಕೇಳಿದಾಗ ಅಜ್ಜಿ, "ಅದ್ರ ಮೇಲ್ ಬಳ್ಯಾಕೆ ಕೈ ಬರ್ಲಿಲ್ಲ ಕಣ್ಲಾ," ಎಂದಳು. ಎಲ್ಲವನ್ನೂ ಬೇಯಿಸಲು ಕೊಟ್ಟವಳು ಅದನ್ನು ಉಳಿಸಿದ್ದಳು.

ದಿನವೂ ಮಗಳು ಅದರ ಕೆಳಗೆ ನಿಲ್ಲುತ್ತಿದ್ದಳು. ಕೆಲವು ದಿನ ಬೆರಳು ನಿನ್ನೆಯ ಜಾಗಕ್ಕೂ ಹೋಗುತ್ತಿರಲಿಲ್ಲ. ಕೆಲವು ದಿನ ಕೂದಲೆಳೆಯಷ್ಟು ಹೆಚ್ಚು. ನಾನು ನಡುವೆ ಬೇರೆ ಗೀಟು ಹಾಕಲಿಲ್ಲ. ಹಾಕಿದ್ದರೆ ಮಗುವಿಗೆ ಸುಲಭವಾಗುತ್ತಿತ್ತೇನೋ. ಆದರೆ ಅವಳೂ ಕೇಳಲಿಲ್ಲ. ನಾವು ಮುಟ್ಟಬೇಕಾದದ್ದು ಯಾವುದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಹೋದ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ಹಾಲಿನ ಕ್ಯಾನು ತೊಳೆಯುತ್ತಿದ್ದೆ. ಒಳಗಿನಿಂದ ಅವಳ ದನಿ ಬಂತು. ಕೂಗಲಿಲ್ಲ, ಮೆಲ್ಲಗೆ ಕರೆದಳು.

"ಅಪ್ಪಾ. ಮುಟ್ತು."

ಹೋಗಿ ನೋಡಿದೆ. ನಡುಬೆರಳಿನ ತುದಿ ಇದ್ದಿಲಿನ ಗೀಟಿನ ಮೇಲಿತ್ತು. ತೋಳು ಅದುರುತ್ತಿತ್ತು. ಕೆಳಗಿಳಿಸಲಿಲ್ಲ ಅವಳು. ಅಜ್ಜಿ ಒಲೆಯಿಂದ ಇದ್ದಿಲು ಹಿಡಿದು ಓಡಿ ಬಂದಳು.

"ಮುಟ್ಬುಟ್ಳಾ? ಮುಟ್ಬುಟ್ಳು ನನ್ ಬಂಗಾರ! ತಕ್ಕೋಳ್ಲಾ, ಮೇಲಿನ್ನೊಂದಾಕು."

ಇದ್ದಿಲು ಕೈಯಲ್ಲಿ ಹಿಡಿದುಕೊಂಡು ನಿಂತೆ. ಇಷ್ಟು ತಿಂಗಳು ನಾನು ಬಯಸಿದ್ದು ಇದನ್ನೇ. ಆದರೆ ಆ ಗೀಟು ಮುಟ್ಟದಿದ್ದಷ್ಟು ದಿನ ಹೆಂಡತಿ ನಮಗಿಂತ ಒಂದು ಅಂಗೈ ಮುಂದೆ ಇದ್ದಳು, ಇನ್ನೊಂದು ಚೂರು ಕಣ್ಣೂ ಎಂದು ಕರೆಯುತ್ತಿದ್ದಳು. ಈಗ ಅವಳು ಹೇಳಿಟ್ಟದ್ದು ಮುಗಿಯಿತು. ಅದರ ಮೇಲಿನ ಗೋಡೆ ಬಿಳಿ ಸುಣ್ಣ, ಅಲ್ಲಿ ಅವಳ ಕೈ ಆಡಿಲ್ಲ.

ಮಗಳು ನನ್ನನ್ನೂ ಇದ್ದಿಲನ್ನೂ ನೋಡಿದಳು.

"ನಾಳೆ ಆಕಪ್ಪಾ. ಇವತ್ತು ಇದೇ ಇರ್ಲಿ."

ಅಂದು ನಾನು ಕೆಲಸಕ್ಕೆ ಹೋಗಲಿಲ್ಲ.

ಮರುದಿನ ಹಾಕಿದೆ. ಹಳೆಯದನ್ನು ಒರೆಸಲಿಲ್ಲ. ಅವಳ ಗೀಟು ಉದ್ದ, ನೆಟ್ಟಗೆ, ಒಂದೇ ಎಳೆತ. ನನ್ನದು ಗಿಡ್ಡ. ನಡುವೆ ಇದ್ದಿಲು ಮುರಿದು ಒಂದು ಕಡೆ ಕೆಳಕ್ಕೆ ಇಳಿದಿದೆ.

"ಸೊಟ್ಟಗೈತೆ ಕಣಪ್ಪಾ," ಎಂದಳು ಮಗಳು.

"ಐತೆ," ಎಂದೆ.

ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಅವಳು ಕವರ್ ಬಿಡಿಸಿ ಕೈಗೆ ಹಾಕಿಕೊಂಡು ಕಣ್ಣು ಮುಚ್ಚಿ ಕಾಯುತ್ತಿದ್ದಳು. ನಾನು ಅಂಗಿಯ ತೋಳನ್ನು ಮಡಿಸಿ ಹಿಡಿದು, ಬಂಗಾರಪೇಟೆ ಬಿಡ್ತು ಕಣ್ಣೂ, ಎಂದೆ.